ಎ.ಸಿ.ಎಲ್. ಆಪರೇಷನ್ ಆದ ಕಬಡ್ಡಿ ರೈಡರ್: ಭಯ ಇಳಿಸಲು ನಾನು ಅನುಸರಿಸುವ ಕ್ರಮ

ಮಳೆ ನಿಂತು ನೆಲ ಒಣಗಿದರೆ ಕಾರವಾರದಿಂದ ಭಟ್ಕಳದವರೆಗೂ ಹೊನಲು ಬೆಳಕಿನ ಕಬಡ್ಡಿ ಶುರು. ಮಂಡಿಯೊಳಗಿನ ಎ.ಸಿ.ಎಲ್. ಎಂಬ ಲಿಗಮೆಂಟ್ ಹರಿದು ಜೂನ್‌ನಲ್ಲಿ ಆಪರೇಷನ್ ಆದವನಿಗೂ ಡಿಸೆಂಬರ್‌ಗೆ ಇಳಿಯುವ ಆಸೆ. ಒಂಬತ್ತು ತಿಂಗಳ ಒಳಗೆ ನಾನು ಬಿಡುವುದಿಲ್ಲ. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, 9 ತಿಂಗಳವರೆಗೆ ಒಂದೊಂದು ತಿಂಗಳು ತಡೆದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಒಂಬತ್ತು ತಿಂಗಳು ತುಂಬಿತು, ಒಂಟಿಕಾಲಿನ ಜಿಗಿತದಲ್ಲೂ ಒಳ್ಳೆಯ ಕಾಲಿನ ಶೇ. 90 ಬಂತು ಅಂದುಕೊಳ್ಳಿ. (ಆ ಶೇ. 90 ಕೂಡ ಮೋಸ ಮಾಡುತ್ತದೆ. ಕೂತು ಕೂತು ಒಳ್ಳೆಯ ಕಾಲೂ ಸೊರಗಿರುತ್ತದೆ. ಅದರ ಅಳತೆಯನ್ನು ಆಪರೇಷನ್‌ಗೆ ಮೊದಲೇ ಬರೆದಿಟ್ಟುಕೊಳ್ಳಬೇಕು.) ಅಷ್ಟಾದರೂ ಅಂಕಣದಲ್ಲಿ ಹುಡುಗ ಬಾಕ್ ಲೈನ್ (ಎದುರಾಳಿ ಕಡೆ ರೈಡರ್ ದಾಟಲೇಬೇಕಾದ ಗೆರೆ) ಮುಟ್ಟಿ ತಿರುಗಿಬಿಡುತ್ತಾನೆ. ಕೋಚ್ 'ಧೈರ್ಯ ಸಾಲದು' ಎಂದು ಬೈಯುತ್ತಾರೆ. ಬೈಗುಳದಿಂದ ಭಯ ಇಳಿಯುವುದಿಲ್ಲ. ತೊಡೆಯ ಸ್ನಾಯುವನ್ನು ಬೆಳೆಸಿದ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಮೊದಲು ಭಯದ ಅಳತೆ. ಇದಕ್ಕೆಂದೇ ಎ.ಸಿ.ಎಲ್.-ಆರ್.ಎಸ್.ಐ. ಎಂಬ 12 ಪ್ರಶ್ನೆಗಳ ಪಟ್ಟಿ ಇದೆ. ಅಂಕ 0ರಿಂದ 100. ಪ್ರಶ್ನೆಗಳನ್ನು ಆಡುಮಾತಿನಲ್ಲಿ ಕೇಳುತ್ತೇನೆ, ಹಿಂದಿನ ಸಲದ ಅವನದೇ ಅಂಕದೊಂದಿಗೆ ಮಾತ್ರ ಹೋಲಿಸುತ್ತೇನೆ. ಒಬ್ಬನೇ ಇದ್ದಾಗ ಕೇಳಬೇಕು. ಅಪ್ಪನೋ ಟೀಮಿನವರೋ ಪಕ್ಕದಲ್ಲಿದ್ದರೆ ಉತ್ತರ ಒಂದೇ: "ಎಂತದೂ ಇಲ್ಲ ಸರ್, ಆರಾಮ."

ಆಮೇಲೆ ಖಾಲಿ ಅಂಕಣ. ನಡುಗೆರೆಯಿಂದ 3.75 ಮೀಟರ್ ದೂರದ ಬಾಕ್ ಲೈನ್‌ವರೆಗೆ ಉಸಿರು ಹಿಡಿದು ಹೋಗಿ ಬರುವುದು. ನಂತರ ಇನ್ನೊಂದು ಮೀಟರ್ ಆಚೆಯ ಬೋನಸ್ ಗೆರೆ. ಪ್ರತಿ ರೈಡ್ ಮುಗಿದ ತಕ್ಷಣ 'ಭಯ ಹತ್ತಕ್ಕೆ ಎಷ್ಟು?', 'ನೋವು ಹತ್ತಕ್ಕೆ ಎಷ್ಟು?' ಎಂದು ಬೇರೆ ಬೇರೆಯಾಗಿ ಕೇಳಬೇಕು, ಎಷ್ಟೋ ಸಲ ಭಯವನ್ನೇ ನೋವು ಎಂದು ಹೇಳುತ್ತಾರೆ. ಮಾರನೇ ದಿನ ಮಂಡಿ ಊದಿದರೆ ಅದು ದೇಹದ ತಕರಾರು. ಆಗ ಅಭ್ಯಾಸದ ಹೊರೆ ಇಳಿಸಬೇಕು.

ಸತತ ಮೂರು ಅಭ್ಯಾಸಗಳಲ್ಲಿ ಭಯ 3ರ ಒಳಗಿದ್ದರೆ ಮುಂದಿನ ಮೆಟ್ಟಿಲು: ಒಬ್ಬ ಡಿಫೆಂಡರ್ ಸುಮ್ಮನೆ ನಿಲ್ಲುವುದು, ಮೊದಲೇ ಹೇಳಿ ಸೊಂಟ ಹಿಡಿಯುವುದು, ತೊಡೆ ಹಿಡಿಯುವುದು, ಕೊನೆಗೆ ಅರ್ಧ ವೇಗದಲ್ಲಿ ಆಂಕಲ್ ಹೋಲ್ಡ್ (ಪಾದದ ಗಂಟು ಹಿಡಿಯುವುದು). ಭಯ 6 ದಾಟಿದರೆ ಒಂದು ಮೆಟ್ಟಿಲು ಕೆಳಗಿಳಿದು ಎರಡು ರೈಡ್ ಮಾಡಿಸಿಯೇ ಮನೆಗೆ ಕಳಿಸುತ್ತೇನೆ. ಭಯ ಏರಿದಾಗಲೇ ನಿಲ್ಲಿಸಿದರೆ, ಓಡಿ ಬಂದದ್ದರಿಂದ ಬಚಾವಾದೆ ಎಂಬ ಪಾಠ ಉಳಿದುಬಿಡುತ್ತದೆ.

ಹೆಚ್ಚಿನವರು ಮುಗ್ಗರಿಸುವುದು ಹೇಳಿ ಹಿಡಿಯುವುದರಿಂದ ಹೇಳದೇ ಹಿಡಿಯುವುದಕ್ಕೆ ಹಾರುವಲ್ಲಿ. ನಡುವೆ ಒಂದು ಮೆಟ್ಟಿಲು ಸೇರಿಸಿ: 'ತೊಡೆ ಅಥವಾ ಆಂಕಲ್, ಎರಡರಲ್ಲೊಂದು' ಎಂದಷ್ಟೇ ಹೇಳುವುದು. ಇಲ್ಲಿಯೇ ಎರಡು ಮೂರು ವಾರ ಹೋದರೂ ಅವಸರ ಬೇಡ.

ಮರಳು ಮೆತ್ತಗಿದೆ, ಬಿದ್ದರೂ ಏನಾಗದು ಎಂದು ಕಾರವಾರದ ಟಾಗೋರ್ ಬೀಚಿನಲ್ಲಿ ಓಡಿಸುವವರಿದ್ದಾರೆ. ಒಣ ಮರಳಲ್ಲಿ ಪಾದ ಹೂತು ತಿರುಚುತ್ತದೆ, ಅಲೆಯಂಚಿನ ಗಟ್ಟಿ ಮರಳು ಒಂದೇ ಕಡೆ ಇಳಿಜಾರು. ಸಮತಟ್ಟಾದ ನೆಲದಲ್ಲಿ ನಂಬಿಕೆ ಬಂದ ಮೇಲೆ ಮರಳು.

ಆಪರೇಷನ್ ಆದ ಮೊದಲ ವಾರಗಳಲ್ಲಿ ಸಿಟ್ಟು, ಅಳು, ಮಂಕು ಸಹಜ. ಎಲ್ಲರಿಗೂ ಒಂದೇ ಸರದಿಯಲ್ಲಿ ಬರುವುದಿಲ್ಲ. ಮನೆಯಲ್ಲೇ ಕೂರಿಸಬೇಡಿ, ಮೈದಾನಕ್ಕೆ ಕರೆದು ಸ್ಕೋರ್ ಬರೆಯಲು ಕೊಡಿ. ಎರಡು ವಾರ ದಾಟಿಯೂ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರಲ್ಲಿಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ.

ಮೊದಲ ಪಂದ್ಯಕ್ಕೆ ಅವನನ್ನು ಡೂ-ಆರ್-ಡೈ ರೈಡಿಗೆ ಕಳಿಸಬೇಡಿ. ಅಲ್ಲಿ ಖಾಲಿ ಕೈಯಲ್ಲಿ ತಿರುಗುವ ಅವಕಾಶವೇ ಇಲ್ಲ. ಎದುರು ಮೂರೇ ಜನ ಉಳಿದಾಗ ಒಂದೆರಡು ರೈಡ್ ಕೊಟ್ಟು, ಬಂದ ಕೂಡಲೇ ಭಯ, ನೋವಿನ ಅದೇ ಎರಡು ಪ್ರಶ್ನೆ ಕೇಳಿ.