ಅಶ್ವತ್ಥಮ್ಮನ್ನ ನಾನು ಹುಡುಕಿದ್ದು ಹೀಗೆ

ಕೆ. ಅಶ್ವತ್ಥಮ್ಮ ಅಂದ್ರೆ ಈಗ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಲ್ಲ. 1935ರ ‘ಸದಾರಮೆ’ ನಾಯಕಿ ಅವರು, ಕನ್ನಡದಲ್ಲಿ ಟಾಕಿ, ಅಂದ್ರೆ ಮಾತಾಡೋ ಸಿನಿಮಾ, ಬಂದು ಆಗಿನ್ನೂ ಒಂದೇ ವರ್ಷ. ಆಮೇಲೆ 1937ರಲ್ಲಿ ತಮಿಳಿನ ‘ಚಿಂತಾಮಣಿ’. ಅದರ ಡೈರೆಕ್ಟರ್ ವೈ.ವಿ. ರಾವ್, ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ ಮಾಡಿದವರೇ. ಸಿನಿಮಾ ಒಂದೇ ಥಿಯೇಟರಲ್ಲಿ ವರ್ಷದ ಮೇಲೆ ಓಡ್ತು, ಬಂದ ಲಾಭದಲ್ಲಿ ಮದುರೈನಲ್ಲಿ ಚಿಂತಾಮಣಿ ಅಂತಲೇ ಒಂದು ಟಾಕೀಸ್ ಎದ್ದಿತು. ಆ ಸಿನಿಮಾದ ಚಿಂತಾಮಣಿ ನಮ್ಮ ಹುಡುಗಿ ಅಶ್ವತ್ಥಮ್ಮ ರೀ!

ಲೈಬ್ರರಿಲಿ ಇವರ ಬಗ್ಗೆ ಅರ್ಧ ಗಂಟೆ ಮಾತಾಡೋಕೆ ಅಂತ ಶುರು ಮಾಡಿದ್ದು ನಾನು, ಎಂಟು ತಿಂಗಳು ಹಿಡೀತು. ಮೊದಲ ಎರಡು ತಿಂಗಳು ಸುಮ್ನೆ ಹೋಯ್ತು, ಯಾಕಂದ್ರೆ ಒಂದೇ ಸ್ಪೆಲ್ಲಿಂಗ್ ಹಾಕಿ ಹುಡುಕ್ತಿದ್ದೆ. ಅಶ್ವತ್ಥಮ್ಮ, ಅಸ್ವತಮ್ಮ, ಅಶ್ವಥಮ್ಮ, ಇಂಗ್ಲಿಷಲ್ಲಿ ಇನ್ನೊಂದು ಥರ, ತಮಿಳಲ್ಲಿ ಮತ್ತೊಂದು ಥರ, ಎಲ್ಲಾ ಒಂದು ಹಾಳೆ ಮೇಲೆ ಬರ್ಕೊಂಡು ಒಂದೊಂದಾಗಿ ಹಾಕಿದ್ಮೇಲೇನೇ 1939ರ ತಮಿಳು ‘ಶಾಂತ ಸಕ್ಕುಬಾಯಿ’ಯ ಸಕ್ಕುಬಾಯಿನೂ ಇವರೇ ಅಂತ ಸಿಕ್ಕಿದ್ದು. ಎರಡು ಕಡೆ ಸಿಗದೇ ಇದ್ದ ಮಾತನ್ನ ಪೆನ್ಸಿಲಲ್ಲೇ ಬಿಟ್ಟೆ, ಪೆನ್ನಲ್ಲಿ ಬರೀಲಿಲ್ಲ.

ಹಳೇ ಪೇಪರ್ ಅಂಗಡಿಲಿ ‘ಚಿಂತಾಮಣಿ’ ಹಾಡಿನ ಪುಸ್ತಕ ಸಿಕ್ತು. ಆಗ ಥಿಯೇಟರ್ ಬಾಗಿಲಲ್ಲೇ ಮಾರ್ತಿದ್ರಲ್ಲ, ಕಥೆ, ಹಾಡು, ಪಾತ್ರದ ಹೆಸರು ಎಲ್ಲಾ ಇರೋದು, ಅಂಥದ್ದು. ಪಿನ್ ತುಕ್ಕು ಹಿಡಿದು ಸುತ್ತ ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು, ಹಾಳೆ ಮಡಚಿದ್ರೆ ಹಪ್ಪಳದ ಥರ ಮುರಿಯೋದು. ಸೆಲ್ಲೋಟೇಪ್ ಮಾತ್ರ ಹಾಕ್ಬೇಡಿ, ಅಂಟು ಹಳದಿಯಾಗಿ ಅಕ್ಷರ ತಿಂದ್ಹಾಕುತ್ತೆ. ಪಿನ್ನಿನ ಕಾಲನ್ನ ಬೆರಳುಗುರಲ್ಲಿ ಮೆಲ್ಲಗೆ ಎತ್ತಿ ತೆಗೆದು, ಕಿಟಕಿ ಬೆಳಕಲ್ಲಿ ಒಂದೊಂದು ಪುಟ ಫೋಟೋ ತೆಗೆದೆ.

ತಮಿಳು ಓದೋಕೆ ಬರದೆ ಮಹಡಿ ಮೇಲಿನ ಪಾಟಿ, ಅಂದ್ರೆ ತಮಿಳು ಅಜ್ಜಿ, ಹತ್ರ ಹೋದೆ. ಕನ್ನಡಕ ಹಾಕ್ಕೊಂಡು ಎರಡು ಸಾಲು ಓದಿದ್ರು, ಮೂರನೇದು ಹಾಡೋಕೇ ಶುರು ಮಾಡಿದ್ರು, ‘ರಾಧೇ ಉನಕ್ಕು ಕೋಪಂ ಆಗಾದಡಿ’. ಭಾಗವತರ್ ಪಾಟ್ಟು ಕಣಪ್ಪ ಅಂದ್ರು, ಅಂದ್ರೆ ಸಿನಿಮಾದ ಹೀರೋ ತ್ಯಾಗರಾಜ ಭಾಗವತರ್ ಹಾಡು. ಮುಖ ಅರಳಿತ್ತು. ನಾಯಕಿ ಯಾರು ಪಾಟಿ ಅಂದೆ. ‘ಯಾರೋಪ್ಪಾ, ನೆನಪಿಲ್ಲ.’ ಹೆಸರು ಅವರ ಹೆಬ್ಬೆರಳ ಕೆಳಗೇ ಇತ್ತು. ತೋರಿಸಿದೆ. ನಮ್ಮ ಕನ್ನಡದವರು ಅಂದೆ, ‘ಹೌದಾ!’ ಅಂತ ಇನ್ನೊಂದ್ಸಲ ಜೋರಾಗಿ ಓದಿದ್ರು.

ನನಗೆ ಅನ್ಸೋದು, ಆಗ ಪ್ಲೇಬ್ಯಾಕ್ ಇರ್ಲಿಲ್ಲ, ಕ್ಯಾಮೆರಾ ಮುಂದೇನೇ ನಟಿಸ್ತಾ ಹಾಡ್ಬೇಕಿತ್ತು, ಹಾಗಾಗಿ ಕಂಠ ಗಟ್ಟಿ ಇದ್ದವರನ್ನ ಭಾಷೆ ದಾಟಿ ಕರೀತಿದ್ರು. ತನ್ನದಲ್ಲದ ಭಾಷೇಲಿ, ತ್ಯಾಗರಾಜ ಭಾಗವತರ್ ಎದುರು ನಿಂತು, ತನ್ನನ್ನ ಮೋಹಿಸಿದ ಬಿಲ್ವಮಂಗಳನ್ನ ಕೃಷ್ಣನ ಕಡೆ ತಿರುಗಿಸೋ ವೇಶ್ಯೆಯ ಪಾತ್ರ ಮಾಡೋದು ಸಣ್ಣ ಕೆಲಸ ಅಲ್ಲ. ಆದ್ರೆ ತಮಿಳಿನ ಚರಿತ್ರೇಲಿ ಭಾಗವತರ್ ಉಳಿದ್ರು, ಕನ್ನಡದ ಚರಿತ್ರೇಲಿ ಇವರಿಗೆ ಒಂದು ಸಾಲು, ಇದು ನಂಗೆ ತುಂಬಾ ಬೇಜಾರು.

ಲೈಬ್ರರಿಲಿ ಹದಿನಾಲ್ಕು ಜನ ಬಂದಿದ್ರು. ಪಾಟಿಯನ್ನ ಮುಂದಿನ ಕುರ್ಚೀಲಿ ಕೂರಿಸಿದ್ದೆ, ಅಶ್ವತ್ಥಮ್ಮನ ಹೆಸರಿದ್ದ ಪುಟ ಅವರೇ ಓದಿದ್ರು.