ಲಿನಕ್ಸ್‌ನಲ್ಲಿ ಚದುರಂಗದ ಎಂಜಿನ್ ಜೋಡಿಸುವವರಿಗೆ ಒಂದು ಸಲಹೆ

ಲಿನಕ್ಸ್‌ಗೆ ಹೊಸದಾಗಿ ಬಂದ ಚದುರಂಗಾಸಕ್ತರು ಸ್ಟಾಕ್‌ಫಿಶ್ ತೆರೆದಾಗ ಹಲಗೆಯಾಗಲಿ ಕಾಯಿಗಳಾಗಲಿ ಕಾಣದೆ, ಟರ್ಮಿನಲ್‌ನಲ್ಲಿ ಒಂದು ಸಾಲು ಅಕ್ಷರಗಳಷ್ಟೇ ಮೂಡಿದ್ದನ್ನು ನೋಡಿ ಗಾಬರಿಯಾಗುವುದುಂಟು. ಅದು ದೋಷವಲ್ಲ. ಸ್ಟಾಕ್‌ಫಿಶ್ ಕೇವಲ ನಡೆಗಳ ಲೆಕ್ಕ ಹಾಕುವ ಎಂಜಿನ್. ಹಲಗೆಯನ್ನು ತೋರಿಸಲು ಕ್ಯೂಟ್ ಚೆಸ್ ಅಥವಾ ಪೈಚೆಸ್‌ನಂತಹ ಬೇರೊಂದು ತಂತ್ರಾಂಶ ಬೇಕಾಗುತ್ತದೆ, ಮತ್ತು ಎಂಜಿನ್ ಹಾಗೂ ಆ ತಂತ್ರಾಂಶದ ನಡುವಿನ ಸಂವಹನ ಯುಸಿಐ ಎಂಬ ನಿಯಮಾವಳಿಯ ಮೂಲಕ ನಡೆಯುತ್ತದೆ. ಆ ಟರ್ಮಿನಲ್‌ನಲ್ಲೇ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ಯುಸಿಐ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದಾಗ, ಆಯ್ಕೆಗಳ ಪಟ್ಟಿ ಬಂದು ಕೊನೆಯಲ್ಲಿ ‘ಯುಸಿಐಓಕೆ’ ಎಂದು ಮೂಡಿದರೆ ಎಂಜಿನ್ ಸರಿಯಾಗಿದೆ ಎಂದೇ ತಿಳಿಯಬೇಕು.

ಹಲಗೆಯ ತಂತ್ರಾಂಶಕ್ಕೆ ಎಂಜಿನ್ ಸಿಗದಿದ್ದರೆ ಅದರ ವಿಳಾಸವನ್ನು ನೀವೇ ಕೊಡಿ. ಡೆಬಿಯನ್ ಮತ್ತು ಉಬುಂಟುವಿನ ಭಂಡಾರದಿಂದ ಹಾಕಿಕೊಂಡ ಸ್ಟಾಕ್‌ಫಿಶ್, ‘ಯುಎಸ್‌ಆರ್’ ಫೋಲ್ಡರಿನೊಳಗಿನ ‘ಗೇಮ್ಸ್’ ಫೋಲ್ಡರಿನಲ್ಲಿ ಇರುತ್ತದೆ.

ಜಾಲತಾಣದಿಂದ ನೇರವಾಗಿ ಇಳಿಸಿಕೊಂಡವರು ಕಡತಕ್ಕೆ ಚಾಲನೆಯ ಅನುಮತಿ ಇದೆಯೇ ಎಂದು ಮೊದಲು ನೋಡಬೇಕು. ಅನುಮತಿ ಇದ್ದೂ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬಂದು ಎಂಜಿನ್ ನಿಂತುಹೋದರೆ, ಸಾಮಾನ್ಯವಾಗಿ ನಿಮ್ಮ ಪ್ರೊಸೆಸರ್‌ಗೆ ತಿಳಿಯದ ಎವಿಎಕ್ಸ್2ರಂತಹ ಆದೇಶಗಳಿಗಾಗಿ ಕಟ್ಟಿದ ಆವೃತ್ತಿಯನ್ನು ಆರಿಸಿಕೊಂಡಿದ್ದೀರಿ ಎಂದರ್ಥ. ಹಳೆಯ ಯಂತ್ರಗಳಿಗೆಂದೇ ಇರುವ ಆವೃತ್ತಿಯನ್ನು ತೆಗೆದುಕೊಂಡರೆ ವೇಗ ತುಸು ತಗ್ಗಿದರೂ ಕೆಲಸ ನಿಲ್ಲುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬಯಸುತ್ತೇನೆ. ಎಂಜಿನ್‌ನಲ್ಲಿ ಮೊದಲೇ ನಿಗದಿಯಾಗಿರುವ 1 ಥ್ರೆಡ್ (ಏಕಕಾಲಕ್ಕೆ ಲೆಕ್ಕ ಹಾಕುವ ಎಳೆ) ಮತ್ತು 16 ಎಂಬಿ ಹ್ಯಾಶ್ (ಲೆಕ್ಕ ಹಾಕಿದ ಸ್ಥಿತಿಗಳನ್ನು ನೆನಪಿಡುವ ಮೆಮೊರಿ) ದೀರ್ಘ ವಿಶ್ಲೇಷಣೆಗೆ ತೀರಾ ಕಡಿಮೆ. 8 ಜಿಬಿ ಮೆಮೊರಿಯ ಗಣಕದಲ್ಲಿ ಹ್ಯಾಶ್ ಅನ್ನು 1024 ಎಂಬಿಗೆ ಏರಿಸಿ, ಥ್ರೆಡ್‌ಗಳನ್ನೂ ಹೆಚ್ಚಿಸಿ, ಆದರೆ ಪ್ರೊಸೆಸರ್‌ನ ಒಂದು ಕೋರ್ ಅನ್ನು ಉಳಿದ ಕೆಲಸಗಳಿಗೆ ಬಿಟ್ಟುಕೊಡಿ.