ಫೇರ್ ಐಲ್‌ನಲ್ಲಿ ಶರತ್ಕಾಲದ ವಲಸೆ ಹಕ್ಕಿ: ಗೋಡೆಯ ಯಾವ ಮಗ್ಗುಲು ನೋಡಬೇಕು?

ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್‌ಲ್ಯಾಂಡ್‌ ದ್ವೀಪಸಮೂಹಗಳ ನಡುವಿನ ಪುಟ್ಟ ದ್ವೀಪ ಫೇರ್ ಐಲ್. ಉದ್ದ ಸುಮಾರು 5 ಕಿ.ಮೀ., ಅಗಲ ಅದರ ಅರ್ಧದಷ್ಟು. ಮರಗಳೇ ಇಲ್ಲವೆನ್ನಬೇಕು. ನೋಡುವವರಿಗೆ ಅನುಕೂಲವಾಗಿರುವುದೂ ಇದೇ. ಕಡಲು ದಾಟಿ ಸುಸ್ತಾಗಿ ಇಳಿದ ಹಕ್ಕಿಗೆ ಕಲ್ಲುಗೋಡೆ, ಹಳ್ಳದ ಅಂಚು, ಬೆಳೆಯ ಸಾಲು, ಕಡಲಬಂಡೆಯ ಸೀಳು ಬಿಟ್ಟರೆ ಅಡಗಲು ಬೇರೆ ಜಾಗವಿಲ್ಲ.

ಪೂರ್ವದ ಅಪರೂಪದ ಉಲಿಯಕ್ಕಿಗಳು (ಇಂಗ್ಲಿಷಿನಲ್ಲಿ ವಾರ್ಬ್ಲರ್) ಬೇಕಿದ್ದರೆ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 10ರೊಳಗೆ ಹೋಗಿ. ಅಕ್ಟೋಬರ್ ಮಧ್ಯದಲ್ಲಿ ರೆಡ್‌ವಿಂಗ್ ಎಂಬ ಥ್ರಷ್ ಜಾತಿಯ ಹಕ್ಕಿಗಳು ದೊಡ್ಡ ಹಿಂಡುಗಳಲ್ಲಿ ಬರುತ್ತವೆ, ಆದರೆ ಆಗ ದಿನಕ್ಕೆ ಸುಮಾರು 5 ನಿಮಿಷದಂತೆ ಬೆಳಕು ಕಳೆದುಹೋಗುತ್ತಿರುತ್ತದೆ. ಶೆಟ್‌ಲ್ಯಾಂಡಿನಿಂದ ದೋಣಿಯೂ ಇದೆ, ಪುಟ್ಟ ವಿಮಾನವೂ ಇದೆ. ಮಂಜು ಕವಿದರೆ ವಿಮಾನ ಹಾರದು, ಅಲೆ ಎದ್ದರೆ ದೋಣಿ ಹೊರಡದು. ಮುಂದಿನ ಪ್ರಯಾಣದ ಟಿಕೆಟ್‌ಗೆ ಮೊದಲು ಎರಡು ಮೂರು ದಿನ ಖಾಲಿ ಬಿಟ್ಟುಕೊಳ್ಳಿ. ತಂಗಲು ಜಾಗ ಸಿಕ್ಕಿದೆಯೆಂದು ಖಾತ್ರಿಯಾಗದೆ ಹೊರಡಲೇಬೇಡಿ.

ಎಲ್ಲವನ್ನೂ ನಿರ್ಧರಿಸುವುದು ಗಾಳಿ. ಸ್ಕ್ಯಾಂಡಿನೇವಿಯಾದಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ಹಕ್ಕಿಗಳು ದಕ್ಷಿಣದ ಕಡೆ ಹೊರಡುತ್ತವೆ. ಪೂರ್ವ ಅಥವಾ ಆಗ್ನೇಯದ ಗಾಳಿ ಅವನ್ನು ಉತ್ತರ ಸಮುದ್ರದ ಮೇಲೆ ಪಕ್ಕಕ್ಕೆ ತಳ್ಳುತ್ತದೆ. ನಡುವೆ ಮಳೆಯೋ ಮಂಜೋ ಎದುರಾದರೆ ಕಂಡ ಮೊದಲ ನೆಲಕ್ಕೆ ಇಳಿಯುತ್ತವೆ. ಹಾಗಾಗಿ ಬರೀ ಪೂರ್ವಗಾಳಿ ಸಾಲದು, ಅದರೊಂದಿಗೆ ದ್ವೀಪದ ಮೇಲೆ ಮಳೆಯೂ ಬೇಕು. ಮಳೆ ನಿಂತ ಮೊದಲ ಗಂಟೆಯಲ್ಲಿ ತಿಂಡಿಗೆಂದು ಒಳಗೆ ಕೂತರೆ ಆ ದಿನದ ಅರ್ಧ ಹೋದಂತೆ. ಪಶ್ಚಿಮಗಾಳಿ ವಾರಪೂರ್ತಿ ಬೀಸಿದರೆ ಹುಲ್ಲುಗಾವಲಿನ ಮಾಮೂಲಿ ಪಿಪಿಟ್ ಹಕ್ಕಿ ನೋಡಿಕೊಂಡು ತಾಳ್ಮೆಯಿಂದಿರಬೇಕು, ಬೇರೆ ದಾರಿಯಿಲ್ಲ.

ದುರ್ಬೀನು 8x42 ಸಾಕು (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು). 10x ಆಸೆಯಿಂದ ತಂದವರ ಕೈ ಇಲ್ಲಿನ ಗಾಳಿಗೆ ನಡುಗಿ ರೆಕ್ಕೆಯ ಪಟ್ಟಿಯೇ ಕಾಣುವುದಿಲ್ಲ. ಎರಡು ಮೀಟರ್‌ನಷ್ಟು ಹತ್ತಿರಕ್ಕೂ ಫೋಕಸ್ ಆಗುವಂಥದ್ದಿರಲಿ, ಏಕೆಂದರೆ ಹಕ್ಕಿ ಕಾಲಬುಡದಲ್ಲೇ ಇರುತ್ತದೆ. ಗಮ್‌ಬೂಟು, ಮಳೆ ಪ್ಯಾಂಟು, ಜಿಪ್ ಚೀಲದಲ್ಲಿ ಎರಡು ಒಣಬಟ್ಟೆ. ಬರೆಯಲು ಪೆನ್ಸಿಲ್, ಮಳೆಯಲ್ಲಿ ಪೆನ್ನಿನ ಶಾಯಿ ಹರಡಿಬಿಡುತ್ತದೆ.

ಈಗ ನಡಿಗೆ. ಗಾಳಿ ಆಗ್ನೇಯದ್ದಾದರೆ ಗೋಡೆಯ ವಾಯವ್ಯ ಮಗ್ಗುಲು ನೋಡಿ. ಹುಳುಗಳು ಗಾಳಿಮರೆಯಲ್ಲೇ ಕೂರುತ್ತವೆ, ಹಕ್ಕಿಯೂ ಅಲ್ಲೇ. ಇಪ್ಪತ್ತು ಮೀಟರ್ ನಡೆದು ಎರಡು ನಿಮಿಷ ನಿಲ್ಲಿ. ಆ ನಿಲ್ಲುವ ಎರಡು ನಿಮಿಷದಲ್ಲೇ ಹಕ್ಕಿ ಕಾಣುವುದು ಹೆಚ್ಚು. ಹಳ್ಳಕ್ಕೆ ಇಬ್ಬರು ಬೇಕು: ಒಬ್ಬರು ಅಂಚಿನಲ್ಲಿ ಮೆಲ್ಲಗೆ ಬರಲಿ, ಇನ್ನೊಬ್ಬರು ಮೂವತ್ತು ಮೀಟರ್ ಮುಂದೆ ಅಲುಗಾಡದೆ ಕೂತಿರಲಿ. ಎದ್ದ ಹಕ್ಕಿ ಇಳಿದಾಗ ಆ ಜಾಗವನ್ನು ಒಂದು ಬೇಲಿಗೂಟಕ್ಕೋ ಕಲ್ಲಿಗೋ ಹೊಂದಿಸಿ ನೆನಪಿಟ್ಟುಕೊಳ್ಳಿ. ನೇರ ಅಲ್ಲಿಗೇ ನುಗ್ಗಬೇಡಿ. ಲ್ಯಾನ್ಸಿಯೊಲೇಟೆಡ್ ವಾರ್ಬ್ಲರ್ ಇಳಿದ ಮೇಲೆ ಇಲಿಯಂತೆ ಹುಲ್ಲಿನ ಬುಡದಲ್ಲಿ ಓಡಿ ಬೇರೆಲ್ಲೋ ಇರುತ್ತದೆ, ಒಮ್ಮೊಮ್ಮೆ ನಿಮ್ಮ ಬೂಟಿನ ಪಕ್ಕದಲ್ಲೇ. ಒಂದೇ ಹಕ್ಕಿಯನ್ನು ಎರಡು ಸಲ ಎಬ್ಬಿಸಿದ್ದಾದರೆ ಸಾಕು, ಬಿಟ್ಟುಬಿಡಿ. ಕಡಲು ದಾಟಿ ಬಂದದ್ದರ ಮೈಯಲ್ಲಿ ಕೊಬ್ಬು ಉಳಿದಿರುವುದೇ ಕಡಿಮೆ.

ಕಡಲ ಸೀಳುಗಳನ್ನು ಇಲ್ಲಿ ಗಿಯೋ ಎನ್ನುತ್ತಾರೆ. ಅಂಚಿನ ಒದ್ದೆ ಹುಲ್ಲು ಸೋಪಿನಂತೆ ಜಾರುತ್ತದೆ; ದೂರ ಕೂತು ಎದುರು ಗೋಡೆ ನೋಡಿ. ಹೊಲದೊಳಗೆ ಕಾಲಿಡಬೇಡಿ, ಅಂಚಿನಲ್ಲೇ ನಡೆಯಿರಿ. ಗಾರೆಯಿಲ್ಲದ ಗೋಡೆ ಹತ್ತಿದರೆ ಕಲ್ಲು ಉದುರುತ್ತದೆ, ಆಮೇಲೆ ಅದನ್ನು ಕಟ್ಟುವವರು ಆ ಹೊಲದ ರೈತರು.

ಕರ್ನಾಟಕದಿಂದ ಹೋಗುವವರಿಗೆ ಒಂದು ಲಾಭವಿದೆ, ಹೆಚ್ಚಿನವರು ಬಳಸಿಕೊಳ್ಳುವುದಿಲ್ಲ. ಬ್ಲೈತ್ಸ್ ರೀಡ್ ವಾರ್ಬ್ಲರ್, ಗ್ರೀನಿಷ್ ವಾರ್ಬ್ಲರ್, ಕೆಂಪುಗತ್ತಿನ ಪುಟ್ಟ ನೊಣಹಿಡುಕ ಅಲ್ಲಿ ಸುದ್ದಿಯಾಗುವ ಹಕ್ಕಿಗಳು, ನಮ್ಮಲ್ಲಿ ಚಳಿಗಾಲದ ನೆಂಟರು. ಲಂಟಾನದೊಳಗಿಂದ ಬರುವ ಆ ಗಟ್ಟಿ 'ಚಕ್' ಬ್ಲೈತ್ಸ್‌ನದು. ಹೋಗುವ ಮುಂಚಿನ ಚಳಿಗಾಲದಲ್ಲಿ ಅದನ್ನು ಕಿವಿಗೆ ಹಚ್ಚಿಕೊಳ್ಳಿ. ಕಂದು ಬಣ್ಣದ ಈ ಹಕ್ಕಿಯನ್ನು ರೀಡ್ ವಾರ್ಬ್ಲರ್, ಮಾರ್ಷ್ ವಾರ್ಬ್ಲರ್‌ಗಳಿಂದ ಬಣ್ಣ ನೋಡಿಯೇ ಬೇರ್ಪಡಿಸಲು ಹೊರಟವರು ಎಡವುತ್ತಾರೆ. ಮಡಚಿದ ರೆಕ್ಕೆಯ ತುದಿ ಗಿಡ್ಡವೇ, ಹುಬ್ಬಿನ ಗೆರೆ ಕಣ್ಣಿನ ಮುಂದೆ ಉಬ್ಬಿದೆಯೇ, ತಲೆ ಮತ್ತು ಬಾಲ ಎರಡೂ ಮೇಲೆತ್ತಿ ಬಾಳೆಹಣ್ಣಿನಂತೆ ಬಾಗಿ ಕೂತಿದೆಯೇ ನೋಡಿ. ಹಳದಿಹುಬ್ಬಿನ ಉಲಿಯಕ್ಕಿಗೆ ಎರಡು ರೆಕ್ಕೆಪಟ್ಟಿ, ಗ್ರೀನಿಷ್‌ಗೆ ಸಾಮಾನ್ಯವಾಗಿ ಒಂದು ತೆಳು ಪಟ್ಟಿ. ಪುಸ್ತಕ ತೆರೆಯುವ ಮೊದಲೇ ಬರೆದಿಟ್ಟುಕೊಳ್ಳಿ: ಪುಸ್ತಕ ನೋಡಿದ ಕಣ್ಣಿಗೆ ಇಲ್ಲದ ಪಟ್ಟಿಯೂ ಕಂಡುಬಿಡುತ್ತದೆ.

1948ರಲ್ಲಿ ಶುರುವಾದ ಫೇರ್ ಐಲ್‌ನ ಪಕ್ಷಿ ವೀಕ್ಷಣಾಲಯದವರು ಹೆಲಿಗೋಲ್ಯಾಂಡ್ ಬಲೆಗಳಲ್ಲಿ, ಎಂದರೆ ತಂತಿಜಾಲದ ದೊಡ್ಡ ಆಲಿಕೆಗಳಲ್ಲಿ, ಹಕ್ಕಿ ಹಿಡಿದು ಕಾಲಿಗೆ ಗುರುತಿನ ಉಂಗುರ ತೊಡಿಸಿ ಬಿಡುತ್ತಾರೆ. ಅವರು ಬಲೆಯ ಸುತ್ತು ಹೊರಟಾಗ ಬಾಯಿಯ ಬಳಿ ನಿಲ್ಲಬೇಡಿ, ಒಳಗೆ ಹೋಗಬೇಕಾದ ಹಕ್ಕಿ ನಿಮ್ಮನ್ನು ಕಂಡು ತಿರುಗಿ ಹಾರುತ್ತದೆ. ಸಂಜೆ ದಿನದ ಲೆಕ್ಕ ಒಪ್ಪಿಸುವಾಗ ಅಪರೂಪದ ಒಂದನ್ನಷ್ಟೇ ಹೇಳದೆ ಯಾವ ಗೋಡೆಯ ಸಾಲಿನಲ್ಲಿ ಎಷ್ಟು ರಾಬಿನ್, ಎಷ್ಟು ಗೋಲ್ಡ್‌ಕ್ರೆಸ್ಟ್ ಎಂದು ಅಂಕಿಯಲ್ಲಿ ಕೊಡಿ. "ತುಂಬಾ ಇದ್ದವು" ಎಂಬುದನ್ನು ಯಾರೂ ಬರೆದುಕೊಳ್ಳಲಾಗದು.